ಶರದೃತು ವರ್ಣನೆಯೂ ಚಿತ್ತೆಯ ಮಳೆಯೂ

ಕಾವ್ಯಗಳಲ್ಲಿ ಬರುವ ಋತುವರ್ಣನೆಗಳನ್ನು ಕುರಿತು ನಮ್ಮ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಅವರ ಸಾಲಿನಲ್ಲಿ ನಿಂತು ಮಾತನಾಡುವ ಅಧಿಕಾರ ಪ್ರಾಥಮಿಕ ಶಾಲೆಯ ಉಪಾಧ್ಯಾಯನೊಬ್ಬನಿಗೆ ಇಲ್ಲವೆಂಬುದನ್ನು ಬಲ್ಲೆ. ಆದರೆ ಅವರು ಬರೆದುದರ ಸಾರವನ್ನು ಮಕ್ಕಳ ಮುಂದೆ ಕರಿಹಲಗೆಯ ಮೇಲೆ ಬರೆಯುವವನು ನಾನು. ಹಾಗೆ ಬರೆಯುವಾಗ ಒಮ್ಮೆ ತಪ್ಪು ಮಾಡಿದ್ದೇನೆ. ಆ ತಪ್ಪಿನಿಂದ ಹುಟ್ಟಿದ ಪ್ರಶ್ನೆ ಕಾವ್ಯಕ್ಕೂ ಸಂಬಂಧಿಸಿದ್ದು, ನಮ್ಮ ನೆಲಕ್ಕೂ ಸಂಬಂಧಿಸಿದ್ದು. ಅದನ್ನು ಉಪಾಧ್ಯಾಯ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

2022ರಲ್ಲಿ ದಸರೆಯ ರಜೆ ಮುಗಿದು ಶಾಲೆ ತೆರೆದಾಗ ಐದನೆಯ ತರಗತಿಯ ಮಕ್ಕಳಿಗೆ ‘ಶರದೃತು’ ಎಂಬ ವಿಷಯದ ಮೇಲೆ ಒಂದು ಪುಟದ ನಿಬಂಧ ಬರೆಯಲು ಹೇಳಿದೆ. ಬರೆಯಬೇಕಾದ ಅಂಶಗಳನ್ನು ಮೊದಲೇ ಹಲಗೆಯ ಮೇಲೆ ಕೊಟ್ಟಿದ್ದೆ: ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಶರದೃತು, ಆಗ ಮಳೆಗಾಲ ಮುಗಿದಿರುತ್ತದೆ, ಆಕಾಶ ನಿರ್ಮಲವಾಗಿರುತ್ತದೆ, ಹತ್ತಿಯಂಥ ಬಿಳಿಯ ಮೋಡಗಳು ತೇಲುತ್ತವೆ, ಕೆರೆಯ ನೀರು ತಿಳಿಯಾಗಿ ತಾವರೆ ಅರಳುತ್ತದೆ, ಹಂಸಗಳು ಮರಳಿ ಬರುತ್ತವೆ, ಬೆಳುದಿಂಗಳು ಹಾಲು ಚೆಲ್ಲಿದಂತಿರುತ್ತದೆ. ಮಕ್ಕಳೆಲ್ಲರೂ ಇವನ್ನೇ ಹಿಂದುಮುಂದು ಮಾಡಿ ಬರೆದು ತಂದರು. ಒಬ್ಬ ಹುಡುಗ ಮಾತ್ರ ಬೇರೆಯೇ ಬರೆದಿದ್ದ. ಎರಡು ವರ್ಷಗಳ ಹಿಂದಿನ, ಎಂದರೆ 2020ರ ಅಕ್ಟೋಬರ್ ತಿಂಗಳಿನ ಮಳೆ ಅವನ ವಿಷಯವಾಗಿತ್ತು. ಕೊಯ್ದ ಸೋಯಾ ಹೊಲದಲ್ಲಿಯೇ ಒಟ್ಟಿತ್ತು. ರಾತ್ರಿಯೆಲ್ಲ ಗಾಳಿ, ಮಳೆ, ಚಳಿ. ಒಟ್ಟಿಲ ಮೇಲೆ ಹೊದಿಸಿದ ತಾಡಪತ್ರಿ ಹಾರಿಹೋಗದಂತೆ ತಂದೆ ನಾಲ್ಕು ಮೂಲೆಗೂ ಕಲ್ಲು ಹೇರಿದ. ಅದೂ ಸಾಲದೆ ಹೋಯಿತು. “ಗಾಳಿ ಒಯ್ಯಬಾರದಂತ ಅವ್ವ ತಾಡಪತ್ರಿ ಮ್ಯಾಲ ಕುಂತಳು. ನೀರು ಕೆಳಗಿಂದ ಬಂತು” ಎಂದಿತ್ತು ಹುಡುಗನ ವಾಕ್ಯ. ನಾಲ್ಕಾರು ದಿನಗಳಲ್ಲಿ ಕಾಳು ಕಾಯಿಯೊಳಗೇ ಮೊಳಕೆಯೊಡೆಯಿತು. ಅವನ ಆಯಿ ಮಾತ್ರ, ಈ ಸಲ ಬಿಳಿಜೋಳ ಚಲೋ ಬರುತ್ತದೆ ಎಂದಳು. ಅಲ್ಲಿಗೆ ನಿಬಂಧ ಮುಗಿದಿತ್ತು. ಹಂಸವಿಲ್ಲ, ತಾವರೆಯಿಲ್ಲ, ಬೆಳುದಿಂಗಳಿಲ್ಲ. ನಾನು ಕೆಂಪು ಮಸಿಯಲ್ಲಿ ‘ವಿಷಯಾಂತರ’ ಎಂದು ಬರೆದು 10ಕ್ಕೆ 3 ಅಂಕ ಕೊಟ್ಟೆ.

ಅಂಕ ಕೊಟ್ಟ ಮೇಲೆ ಆ ಎರಡು ವಾಕ್ಯಗಳು ನನ್ನನ್ನು ಬಿಡಲಿಲ್ಲ. ವಿಷಯವನ್ನು ಬಿಟ್ಟು ಹೋದವನು ಹುಡುಗನೋ ನಾನೋ? ಇದನ್ನು ತೀರ್ಮಾನಿಸಬೇಕಾದರೆ ಹಲಗೆಯ ಮೇಲಿನ ಆ ಅಂಶಗಳು ಎಲ್ಲಿಂದ ಬಂದುವೆಂಬುದನ್ನು ಮೊದಲು ನೋಡಬೇಕು.

ಅವು ನನ್ನ ಕಣ್ಣು ಕಂಡವಲ್ಲ. ತರಬೇತಿಯ ಕಾಲದಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡವು. ಬರೆಸಿದವರು ತಮ್ಮ ಗುರುಗಳಿಂದ ಪಡೆದವು. ಹೀಗೆ ಹಿಂದೆ ಹಿಂದೆ ಹೋದರೆ ವಾಲ್ಮೀಕಿಯ ಕಿಷ್ಕಿಂಧಾಕಾಂಡಕ್ಕೆ ತಲಪುತ್ತೇವೆ. ಮಳೆಗಾಲದ ತಿಂಗಳುಗಳನ್ನು ರಾಮನು ಪ್ರಸ್ರವಣ ಗಿರಿಯಲ್ಲಿ ಕಳೆಯುತ್ತಾನೆ. ಶರತ್ತು ಬಂದು ಆಕಾಶ ತಿಳಿಯಾದೊಡನೆ ಸೀತಾನ್ವೇಷಣೆ ಮೊದಲಾಗಬೇಕು. ಆದರೆ ಸುಗ್ರೀವನು ಕೊಟ್ಟ ಮಾತನ್ನು ಮರೆತು ಕುಳಿತಿದ್ದಾನೆ. ಅಲ್ಲಿಯ ಶರದ್ವರ್ಣನೆ ಕೇವಲ ಅಲಂಕಾರಕ್ಕಾಗಿ ಬಂದದ್ದಲ್ಲ. ಹೊಳೆಗಳು ಇಳಿದಿವೆ, ದಾರಿಗಳು ಒಣಗಿವೆ, ಇನ್ನು ತಡವೇಕೆ ಎಂಬ ರಾಮನ ತಳಮಳವೇ ಅದರ ಜೀವ. ಋತುಸಂಹಾರದ ಮೂರನೆಯ ಸರ್ಗದಲ್ಲಿ ಕಾಳಿದಾಸನು ಶರತ್ತನ್ನು ನವವಧುವಾಗಿ ಕಲ್ಪಿಸಿದ್ದಾನೆ. ಕಿರಾತಾರ್ಜುನೀಯದ ನಾಲ್ಕನೆಯ ಸರ್ಗದಲ್ಲಿ ಭಾರವಿಯು, ಹಿಮಾಲಯಕ್ಕೆ ತಪಸ್ಸಿಗೆ ಹೊರಟ ಅರ್ಜುನನ ದಾರಿಯ ಇಕ್ಕೆಲದಲ್ಲಿಯೂ ಶರತ್ತಿನ ಶೋಭೆಯನ್ನು ಹರಡಿದ್ದಾನೆ. ಇವರೆಲ್ಲ ಕಂಡು ಬರೆದವರು. ಅನಂತರ ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಮಹಾಕಾವ್ಯದಲ್ಲಿರಬೇಕಾದ ವರ್ಣನೆಗಳನ್ನು ಪಟ್ಟಿ ಮಾಡಿದನು: ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಇತ್ಯಾದಿ. ಇವೇ ಮುಂದೆ ಅಷ್ಟಾದಶ ವರ್ಣನೆಗಳೆಂದು ಹೆಸರಾದುವು. ಮೊದಲು ಕಣ್ಣಿನಿಂದ ಬಂದದ್ದು ಆಮೇಲೆ ಲಕ್ಷಣವಾಯಿತು. ಲಕ್ಷಣವಾದದ್ದು ಕೊನೆಗೆ ನಮ್ಮಂಥವರ ಕೈಯಲ್ಲಿ ಕರಿಹಲಗೆಯ ಅಂಶವಾಯಿತು.

ದಂಡಿಯ ಮಾರ್ಗವನ್ನು ಕನ್ನಡಕ್ಕೆ ತಂದ ಗ್ರಂಥ ಕವಿರಾಜಮಾರ್ಗ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಅದು ಹುಟ್ಟಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಸಾರಿದ ಗ್ರಂಥವೂ ಅದೇ. ಆ ಎಲ್ಲೆಯೊಳಗೆ ನಾಗಲಗಿದ್ದ, ನಾರಾಯಣಖೇಡ, ಜಹೀರಾಬಾದ, ತಾಂಡೂರುಗಳೆಲ್ಲ ಬರುತ್ತವೆಂದು ನಾವು ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುವುದುಂಟು. ನೃಪತುಂಗನ ರಾಜಧಾನಿಯಾದ ಮಾನ್ಯಖೇಟವು ಇಂದಿನ ಮಳಖೇಡ. ಅದು ಕಾಗಿಣಾ ನದಿಯ ದಂಡೆಯಲ್ಲಿದೆ. ನಮ್ಮ ತಾಂಡೂರಿನ ಬಳಿ ಹರಿದು ಸೇಡಮಿನ ಕಡೆಗೆ ಹೋಗುವ ಹೊಳೆಯೇ ಈ ಕಾಗಿಣಾ. 2020ರ ಅಕ್ಟೋಬರಿನಲ್ಲಿ ಈ ಹೊಳೆ ದಡ ಮೀರಿ ಹರಿಯಿತು. ಶರತ್ತಿನಲ್ಲಿ ಹೊಳೆಗಳು ಇಳಿದು ತಿಳಿಯಾಗುವುವೆಂಬ ಲಕ್ಷಣವನ್ನು ಕನ್ನಡಕ್ಕೆ ಬರಮಾಡಿಕೊಂಡ ಊರಿನ ಹೊಳೆಯೇ ಶರತ್ತಿನಲ್ಲಿ ಕೆಂಪಾಗಿ ಉಕ್ಕಿತೆಂಬುದನ್ನು ವಾಚಕರು ಗಮನಿಸಬೇಕು.

ಇದು ಎಂದೋ ಒಮ್ಮೆ ನಡೆದ ಅಪವಾದವೆ? ಅಲ್ಲ. ನಮ್ಮ ರೈತರು ಮಳೆಗಾಲವನ್ನು ಋತುಗಳಿಂದ ಅಳೆಯುವುದಿಲ್ಲ, ನಕ್ಷತ್ರಗಳಿಂದ ಅಳೆಯುತ್ತಾರೆ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ ಎಂದು ಮಳೆಗಳ ಸಾಲು ಆಶ್ವಯುಜ ಕಾರ್ತಿಕಗಳಲ್ಲಿಯೂ ನಡೆದೇ ಇರುತ್ತದೆ. ಸುಮಾರು ಅಕ್ಟೋಬರ್ 10ರಿಂದ 23ರವರೆಗೆ ಚಿತ್ತೆ; ಅಲ್ಲಿಂದ ನವೆಂಬರ್ 6ರವರೆಗೆ ಸ್ವಾತಿ. ಈ ದಿನಗಳಲ್ಲಿ ನೈಋತ್ಯದ ಮುಂಗಾರು ಹಿಮ್ಮೆಟ್ಟುತ್ತದೆ, ಗಾಳಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯ ನೀರು ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಆ ಬೆಚ್ಚನೆಯ ನೀರಿನ ಮೇಲೆ ವಾಯುಭಾರ ಕುಸಿದು ಸುಳಿ ಹುಟ್ಟಿ, ಬೆಳೆದು, ಪಶ್ಚಿಮಕ್ಕೋ ವಾಯವ್ಯಕ್ಕೋ ಸಾಗಿ ಪೂರ್ವದ ಕರಾವಳಿಯನ್ನು ಹೊಡೆಯುತ್ತದೆ. 1999ರಲ್ಲಿ ಒಡಿಶಾದ ಮೇಲೆ ಮಹಾಚಂಡಮಾರುತ ಬಂದದ್ದು ಅಕ್ಟೋಬರ್ 29ರಂದು, ಸ್ವಾತಿಯಲ್ಲಿ. 1977ರಲ್ಲಿ ಆಂಧ್ರದ ದಿವಿಸೀಮೆಯನ್ನು ಸಮುದ್ರ ನುಂಗಿದ್ದು ನವೆಂಬರ್ 19ರಂದು, ವಿಶಾಖೆ ಮುಗಿಯುವ ಹೊತ್ತಿಗೆ. 2020ರ ಮಳೆಯೂ ಇದೇ ಜಾತಿಯದು. ಕೊಲ್ಲಿಯಲ್ಲಿ ಹುಟ್ಟಿದ ತೀವ್ರ ವಾಯುಭಾರ ಕುಸಿತವೊಂದು ಅಕ್ಟೋಬರ್ 13ರ ಬೆಳಗ್ಗೆ ಕಾಕಿನಾಡದ ಬಳಿ ದಡವೇರಿ, ತೆಲಂಗಾಣವನ್ನು ಅಡ್ಡಲಾಗಿ ದಾಟಿ, ನಮ್ಮ ಗಡಿಯ ಹೊಲಗಳನ್ನೂ ಬೀದರ ಕಲಬುರಗಿ ಸೀಮೆಗಳನ್ನೂ ತೋಯಿಸಿ, ಮಹಾರಾಷ್ಟ್ರದ ಮೇಲೆ ಹಾಯ್ದು ಅರಬ್ಬೀ ಸಮುದ್ರಕ್ಕೆ ಇಳಿಯಿತು. ಹೈದರಾಬಾದಿನ ಬೇಗಂಪೇಟೆಯಲ್ಲಿ ಒಂದೇ ಹಗಲು ರಾತ್ರಿಯಲ್ಲಿ 19 ಸೆಂಟಿಮೀಟರ್ ಮಳೆ ಬಿತ್ತು. ಸಾಂಕ್ರಾಮಿಕ ರೋಗದ ನಿಮಿತ್ತ ಆಗ ಶಾಲೆಗಳು ಮುಚ್ಚಿದ್ದುವು. ಆದಕಾರಣ ಆ ಹುಡುಗ ಹೊಲದಲ್ಲಿದ್ದ, ನೋಡಿದ.

ಇನ್ನು ಕಿಷ್ಕಿಂಧೆಯನ್ನೇ ತೆಗೆದುಕೊಳ್ಳೋಣ. ಹಂಪೆಯ ಬಳಿಯ ಆನೆಗೊಂದಿಯೇ ಕಿಷ್ಕಿಂಧೆಯೆಂದು ನಮ್ಮ ಜನರ ನಂಬಿಕೆ. ಆ ಬಳ್ಳಾರಿ ಸೀಮೆಯಲ್ಲಿ ವರ್ಷದ ಹೆಚ್ಚಿನ ಮಳೆ ಬೀಳುವುದೇ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಅಲ್ಲಿ ನಿಂತು ನೋಡಿದರೆ ಆದಿಕವಿಯ ಶರದಾಕಾಶ ತುಂಗಭದ್ರೆಯ ಮೇಲಿನದಲ್ಲ, ಗಂಗೆಯ ಬಯಲಿನದು ಎನ್ನಬೇಕಾಗುತ್ತದೆ. ಹೀಗೆ ಹೇಳಿದರೆ ವಾಲ್ಮೀಕಿಗೆ ಕುಂದಿಲ್ಲ. ತಾನು ಕಂಡ ಆಕಾಶವನ್ನು ತನ್ನ ನಾಯಕನ ಮೇಲೆ ಕವಿಸುವುದು ಕವಿಯ ಹಕ್ಕು. ಆದರೆ ಕವಿ ಕಂಡ ಆಕಾಶವನ್ನು ಪಂಚಾಂಗವೆಂದು ತಿಳಿದು ಮಕ್ಕಳಿಗೆ ಕಲಿಸುವುದು ಉಪಾಧ್ಯಾಯನ ಹಕ್ಕಲ್ಲ.

ಸ್ವಾತಿಯ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಸ್ವಾತಿಯ ಮಳೆಹನಿ ಸಮುದ್ರದಲ್ಲಿ ಬಾಯ್ತೆರೆದ ಸಿಂಪಿನೊಳಗೆ ಬಿದ್ದರೆ ಮುತ್ತಾಗುವುದೆಂಬ ಕಲ್ಪನೆ ನಮ್ಮ ಕಾವ್ಯಗಳಲ್ಲಿ ಪ್ರಸಿದ್ಧವಾದದ್ದು. ಶಾಲೆಯಲ್ಲಿ ಸತ್ಸಂಗದ ಮಹಿಮೆಯನ್ನು ಹೇಳುವಾಗ ಇದನ್ನು ದೃಷ್ಟಾಂತವಾಗಿ ಕೊಡುತ್ತೇವೆ. ಕಾದ ಹೆಂಚಿನ ಮೇಲೆ ಬಿದ್ದ ಹನಿ ಇಂಗುತ್ತದೆ, ಸಿಂಪಿನಲ್ಲಿ ಬಿದ್ದದ್ದು ಮುತ್ತಾಗುತ್ತದೆ. ಕಲ್ಪನೆ ಚೆನ್ನಾಗಿದೆ. ಆದರೆ ಆ ಸ್ವಾತಿಯ ಹದಿನಾಲ್ಕು ದಿನಗಳಲ್ಲಿ ಪೂರ್ವದ ಕಡಲಿನ ಮೀನುಗಾರ ದೋಣಿಯನ್ನು ದಡಕ್ಕೆ ಎಳೆದು ಮುಗಿಲನ್ನು ನೋಡುತ್ತ ಕುಳಿತಿರುತ್ತಾನೆ. ಅದೇ ಹನಿ ನಮ್ಮ ಕಡೆ ಬಿರಿದ ಹತ್ತಿಯ ಮೇಲೆ ಬಿದ್ದರೆ ಹತ್ತಿ ಕಪ್ಪಾಗುತ್ತದೆ. ಎರೆಯ ಹೊಲದಲ್ಲಿ ಬಿದ್ದರೆ ಜೋಳಕ್ಕೂ ಕಡಲೆಗೂ ಹಸಿಯಾಗುತ್ತದೆ. ಪಾತ್ರಭೇದದಿಂದ ಫಲಭೇದವೆಂಬ ನೀತಿಯನ್ನು ಹೇಳಲು ನಮ್ಮ ಮಕ್ಕಳು ಎಂದೂ ಕಾಣದ ಸಿಂಪಿಗಿಂತ ಅವರು ದಿನವೂ ತುಳಿಯುವ ಈ ಹೊಲವೇ ಸಾಲದೆ?

ಕರಾವಳಿಯ ಮಳೆ ಬೆಟ್ಟದ ಹಿಮವಾಗುವ ಒಂದು ನಿಜಸಂಗತಿಯನ್ನು ಇಲ್ಲಿ ಹೇಳಬೇಕು. ಏಕೆಂದರೆ ಅದನ್ನು ತಿಳಿದಂದಿನಿಂದ ನನಗೆ ಮೇಘದೂತವನ್ನು ಮೊದಲಿನಂತೆ ಓದಲು ಆಗಿಲ್ಲ. ಮೇಘದೂತದ ಕಥೆ ಎಲ್ಲರೂ ಬಲ್ಲದ್ದು. ಬೇಂದ್ರೆಯವರು ಅದನ್ನು ಕನ್ನಡಕ್ಕೆ ತಂದಿರುವುದರಿಂದ ಸಂಸ್ಕೃತ ಬಾರದ ನಮಗೂ ಅದು ದಕ್ಕಿದೆ. ರಾಮಗಿರಿಯಲ್ಲಿ ವಿರಹಿಯಾದ ಯಕ್ಷನು ಆಷಾಢದ ಮೋಡವೊಂದನ್ನು ಕಂಡು, ಹಿಮಾಲಯದ ಅಲಕೆಯಲ್ಲಿರುವ ತನ್ನ ಪ್ರಿಯೆಗೆ ಸಂದೇಶ ಒಯ್ಯೆಂದು ಬೇಡುತ್ತಾನೆ. ವಿಷ್ಣುವು ಶೇಷಶಯನದಿಂದ ಏಳುವ ದಿನ, ಎಂದರೆ ಕಾರ್ತಿಕದ ಏಕಾದಶಿಯಂದು, ಅವನ ಶಾಪ ತೀರುತ್ತದೆ. ಆಮೇಲೆ ಶರತ್ತಿನ ಬೆಳುದಿಂಗಳ ರಾತ್ರಿಗಳಲ್ಲಿ ಇಬ್ಬರೂ ಕೂಡಿ ಸುಖಿಸುವೆವೆಂದು ಅವನ ಆಸೆ. ಮೋಡದ ದಾರಿ ಮಧ್ಯಭಾರತದಿಂದ ಹಿಮದ ಬೆಟ್ಟದವರೆಗೆ.

ಈಗ 2014ನೆಯ ಇಸವಿಯನ್ನು ನೋಡಿರಿ. ಅಕ್ಟೋಬರ್ 12ರಂದು, ಚಿತ್ತೆಯ ಮಳೆಯಲ್ಲಿ, ‘ಹುದ್‌ಹುದ್’ ಎಂಬ ಚಂಡಮಾರುತ ವಿಶಾಖಪಟ್ಟಣದ ದಡವನ್ನು ಹೊಡೆಯಿತು. ಒಮಾನ್ ದೇಶ ಸೂಚಿಸಿದ ಹೆಸರು ಅದು. ಅರಬ್ಬಿಯಲ್ಲಿ ಒಂದು ಹಕ್ಕಿಯ ಹೆಸರು, ನಾವು ಚಂದ್ರಮುಕುಟವೆನ್ನುವ ಹಕ್ಕಿ. ಮರಗಳು, ಕಂಬಗಳು, ಮಾಡುಗಳು ಉರುಳಿ ಇಡೀ ನಗರ ಕತ್ತಲಾಯಿತು. ದಡವೇರಿದ ಮೇಲೆ ಸುಳಿಯ ಬಲ ಕುಗ್ಗಿತು, ಆದರೆ ಅದರ ನೀರು ಮುಗಿಯಲಿಲ್ಲ. ಅದು ಛತ್ತೀಸಗಢದ ಮೇಲೆ ಹಾಯ್ದು ಉತ್ತರಕ್ಕೆ ತಿರುಗಿ, ಪಶ್ಚಿಮದಿಂದ ಬರುವ ಮೇಲ್ಗಾಳಿಯ ಸೆಳೆತಕ್ಕೆ ಸಿಕ್ಕಿ ನೇಪಾಳದ ಹಿಮಾಲಯವನ್ನು ಮುಟ್ಟಿತು. ಅಲ್ಲಿಯ ಚಳಿಯಲ್ಲಿ ಆ ನೀರು ಹಿಮವಾಗಿ ಸುರಿಯಿತು. ಅಕ್ಟೋಬರ್ 14ರಂದು ಅನ್ನಪೂರ್ಣಾ ಪರ್ವತದ ಸುತ್ತಿನಲ್ಲಿ, 5,416 ಮೀಟರ್ ಎತ್ತರದ ಥೊರೊಂಗ್ ಎಂಬ ಕಣಿವೆದಾರಿಯ ಆಸುಪಾಸಿನಲ್ಲಿ, ಹಿಮದ ಬಿರುಗಾಳಿಗೆ ಸಿಕ್ಕಿ 40ಕ್ಕೂ ಹೆಚ್ಚು ಮಂದಿ ಮಡಿದರು. ದೂರದೇಶದ ಚಾರಣಿಗರು, ದಾರಿ ತೋರಿಸುವವರು, ಯಾಕ್ ಕಾಯುವವರು ಅವರಲ್ಲಿದ್ದರು. ಶರತ್ತಿನಲ್ಲಿ ಆಕಾಶ ತಿಳಿಯಾಗಿರುತ್ತದೆಂಬ ಭರವಸೆಯಿಂದಲೇ ಚಾರಣಿಗರು ಅಲ್ಲಿಗೆ ಹೋಗುವುದು. ಆ ಬೆಟ್ಟಗಳಲ್ಲಿ ಅಕ್ಟೋಬರ್ ತಿಂಗಳು ಯಾತ್ರೆಗೆ ಬಹಳ ಒಳ್ಳೆಯ ಕಾಲವೆಂದು ಹೆಸರಾಗಿದೆ.

ಮೇಘವು ದಕ್ಷಿಣದಿಂದ ಹಿಮಾಲಯದವರೆಗೆ ಹೋಗುವುದೆಂಬ ಕಾಳಿದಾಸನ ಕಲ್ಪನೆ ಎಷ್ಟು ನಿಜವೆಂದು ಇದರಿಂದ ತಿಳಿಯುತ್ತದೆ. ಆದರೆ ಈ ಮೇಘ ಆಷಾಢದಲ್ಲಿ ಹೊರಡಲಿಲ್ಲ. ಯಕ್ಷನು ಬೆಳುದಿಂಗಳನ್ನು ಎದುರುನೋಡುತ್ತಿದ್ದ ಆ ಶರತ್ತಿನಲ್ಲಿಯೇ ಹೊರಟಿತು. ಅದು ಸಂದೇಶವನ್ನು ಒಯ್ಯಲಿಲ್ಲ, ಸಾವನ್ನು ಒಯ್ದಿತು. ಕಾಳಿದಾಸನ ಕಾವ್ಯದ ಸೊಗಸು ಇದರಿಂದ ಕಡಿಮೆಯಾಗುವುದೆಂದು ನಾನು ಹೇಳುವುದಿಲ್ಲ. ಓದುವವನ ಮನಸ್ಸಿನಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಕಾವ್ಯಕ್ಕೆ ಜಾಗವುಂಟೆಂದು ಹೇಳುತ್ತೇನೆ. ಆ ಜಾಗ ಕನ್ನಡದಲ್ಲಿ ಇನ್ನೂ ಬರಿದಾಗಿದೆ.

ಬರಿದಾಗಿದೆ ಎಂಬ ಮಾತು ಕೆಲವರಿಗೆ ಒಪ್ಪಿಗೆಯಾಗದಿರಬಹುದು. ಕನ್ನಡದಲ್ಲಿ ಮಳೆಯ ವರ್ಣನೆಗೆ ಬಡತನವೆ? ಇಲ್ಲ. ಬೇಂದ್ರೆಯವರ ಶ್ರಾವಣದ ಕವಿತೆಗಳಲ್ಲಿ ಧಾರವಾಡದ ಬೆಟ್ಟ ಬಯಲುಗಳು ತೋಯ್ದು ನಿಂತಿವೆ. ಕುವೆಂಪು ಅವರ ರಾಮಾಯಣ ದರ್ಶನದಲ್ಲಿ ಮಳೆಗಾಲ ಬಂದರೆ ಮಲೆನಾಡೇ ಇಳಿದು ಬರುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಪಶ್ಚಿಮ ಕರಾವಳಿಯ ಕಡಲೂ ಮಳೆಯೂ ಕಥೆಯ ಪಾತ್ರಗಳಂತೆ ನಡೆದುಕೊಳ್ಳುತ್ತವೆ. ಇವೆಲ್ಲವೂ ನಮ್ಮ ಸಾಹಿತ್ಯದ ಆಸ್ತಿ. ಆದರೆ ಇವೆಲ್ಲವೂ ಪಶ್ಚಿಮದ ಮಳೆಗಳು, ಮುಂಗಾರಿನ ಮಳೆಗಳು. ನಮ್ಮ ಸಾಹಿತ್ಯದ ಮುಖ ಮೊದಲಿನಿಂದಲೂ ಆ ಕಡೆಗಿದೆ. ಪಂಪನು ಕಾವ್ಯ ಬರೆದದ್ದು ಅರಿಕೇಸರಿಯ ಆಶ್ರಯದಲ್ಲಿ. ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಕೊಲ್ಲಿಯಿಂದ ಬರುವ ಹಿಂಗಾರು ಮಳೆ ಆ ಊರಿನ ಮೇಲೂ ಸುರಿಯುತ್ತದೆ. ಆದರೆ ಜನಮನದಲ್ಲಿ ನಿಂತಿರುವುದು ಪಂಪನು ನೆನೆದ ಬನವಾಸಿ. ಅವನು ಕುಳಿತು ಬರೆದ ನಾಡಲ್ಲ. ನೆನಪಿನ ನಾಡು ಕಾವ್ಯಕ್ಕೆ ಬಂತು, ನಿಂತ ನೆಲ ಹೊರಗೆ ಉಳಿಯಿತು. ನಾನು ಓದಿರುವ ಕನ್ನಡ ಕಾವ್ಯ ಕಾದಂಬರಿಗಳಲ್ಲಿ ಪೂರ್ವದಿಂದ ಬರುವ ಶರತ್ಕಾಲದ ಬಿರುಮಳೆಗೆ ಶ್ರಾವಣದ ಜಡಿಮಳೆಗೆ ಸಿಕ್ಕ ಗೌರವ ಸಿಕ್ಕಿದ್ದನ್ನು ಕಂಡಿಲ್ಲ.

ನೆರೆಯ ಭಾಷೆಯಲ್ಲಿ ಕಂಡಿದ್ದೇನೆ. 1908ರ ಸೆಪ್ಟೆಂಬರ್ 28ರಂದು, ಹಸ್ತದ ಮಳೆಯಲ್ಲಿ, ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಅದಕ್ಕೂ ಬಂಗಾಳ ಕೊಲ್ಲಿಯ ಸುಳಿಗಾಳಿಯೇ ಕಾರಣ. ಉರ್ದು ಕವಿ ಅಮ್ಜದ್ ಹೈದರಾಬಾದಿ ಆ ಪ್ರವಾಹದಲ್ಲಿ ತಾಯಿಯನ್ನೂ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡರು. ತಾವು ಬದುಕಿ ಉಳಿದರು. ಆ ದುಃಖವನ್ನು ಅವರು ‘ಖಯಾಮತೆ ಸುಗ್ರಾ’, ಎಂದರೆ ಕಿರಿಯ ಪ್ರಳಯ, ಎಂಬ ಕವಿತೆಯಾಗಿ ಬರೆದರು. ಪ್ರವಾಹದ ಮರುವರ್ಷ ನಗರವನ್ನು ಕಾಪಾಡುವ ಉಪಾಯ ಹೇಳಲು ಬಂದವರು ನಮ್ಮ ವಿಶ್ವೇಶ್ವರಯ್ಯನವರು. ಅವರ ಸಲಹೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದುವು. ಒಂದೇ ಮಳೆಗೆ ಕನ್ನಡಿಗನೊಬ್ಬ ಕಟ್ಟೆಯಿಂದ ಉತ್ತರ ಕೊಟ್ಟ. ಉರ್ದು ಕವಿಯೊಬ್ಬ ಕವಿತೆಯಿಂದ ಉತ್ತರ ಕೊಟ್ಟ. ಎರಡೂ ಬೇಕಾದ ಉತ್ತರಗಳೇ. ಎರಡನೆಯದು ಕನ್ನಡದಲ್ಲಿಯೂ ಬರಬೇಕೆಂದು ಆಶಿಸುವುದು ಅತಿಯಾಸೆಯಾಗಲಾರದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಆಲಿಸಬೇಕು. ಕಾವ್ಯವು ಹವಾಮಾನದ ವರದಿಯಲ್ಲ, ಕವಿಸಮಯವನ್ನು ದೋಷವೆಂದು ಎಣಿಸುವುದು ಅರಸಿಕತೆ ಎಂದು ಬಲ್ಲವರು ಹೇಳುವರು. ಒಪ್ಪತಕ್ಕ ಮಾತು. ಕವಿಸಮಯವನ್ನು ವಿವರವಾಗಿ ವಿವೇಚಿಸಿ ಸಮರ್ಥಿಸಿದವನು ಕಾವ್ಯಮೀಮಾಂಸೆಯ ಕರ್ತೃ ರಾಜಶೇಖರ. ಆದರೆ ಅದೇ ರಾಜಶೇಖರನು ಅದೇ ಗ್ರಂಥದಲ್ಲಿ ದೇಶವಿಭಾಗಕ್ಕೆ ಒಂದು ಅಧ್ಯಾಯವನ್ನೂ ಕಾಲವಿಭಾಗಕ್ಕೆ ಒಂದು ಅಧ್ಯಾಯವನ್ನೂ ಮೀಸಲಿಟ್ಟಿದ್ದಾನೆ. ಕವಿಯಾಗುವವನು ನೆಲವನ್ನೂ ಋತುವನ್ನೂ ತಿಳಿದಿರಬೇಕೆಂಬುದು ಅವನ ಮತ. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನೂ ಔಚಿತ್ಯದ ಸ್ಥಾನಗಳನ್ನು ಎಣಿಸುವಾಗ ದೇಶವನ್ನೂ ಕಾಲವನ್ನೂ ಸೇರಿಸಿದ್ದಾನೆ. ಆದ್ದರಿಂದ ನಾನು ಆಡುತ್ತಿರುವುದು ಹೊಸ ಮಾತಲ್ಲ. ಹಳೆಯ ಶಾಸ್ತ್ರದಲ್ಲಿದ್ದೂ ನಾವು ಹಲಗೆಯ ಮೇಲೆ ಬರೆಯದೆ ಬಿಟ್ಟ ಮಾತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. ನಮ್ಮಲ್ಲಿ ನಿರ್ಮಲವಾದ ಶರತ್ತು ಇಲ್ಲವೇ ಇಲ್ಲವೆ? ಇದೆ. ಬಿರುಮಳೆ ಕಳೆದ ನಾಲ್ಕಾರು ದಿನಗಳಿಗೆ ಮುಗಿಲು ತೊಳೆದಿಟ್ಟಂತಾಗುತ್ತದೆ. ಮಂಜೀರೆಯ ಕೆಂಪು ನೀರು ಮೆಲ್ಲಗೆ ತಿಳಿಯಾಗುತ್ತದೆ. ತಂಗಡಿ ಹೂವು ದಾರಿಯ ಬದಿಗೆಲ್ಲ ಹಳದಿಯಾಗಿ ಬಿರಿದಿರುತ್ತದೆ. ನೆರೆಯ ತೆಲುಗು ಮನೆಗಳ ಹೆಣ್ಣುಮಕ್ಕಳು ಅದನ್ನೇ ಕೊಯ್ದು ಬತುಕಮ್ಮನನ್ನು ಪೇರಿಸುತ್ತಾರೆ. ಶೀಗಿ ಹುಣ್ಣಿಮೆಯ ಬೆಳುದಿಂಗಳು ಯಾವ ಕವಿಯ ಬೆಳುದಿಂಗಳಿಗೂ ಕಡಿಮೆಯದಲ್ಲ. ಆ ದಿನ ರೈತ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಕೊಡುತ್ತಾನೆ. ಹಾಗಾದರೆ ಕವಿಗಳು ಬರೆದದ್ದು ಸುಳ್ಳಲ್ಲ. ಅದು ಅರ್ಧ. ಉಳಿದರ್ಧ ಅದಕ್ಕೆ ಮುಂಚಿನ ರಾತ್ರಿಯದು. ತಾಡಪತ್ರಿಯ ಮೇಲೆ ಕುಳಿತವಳಿಗೆ ಬೆಳುದಿಂಗಳು ಹೇಗೆ ಕಂಡೀತೆಂಬುದನ್ನು ಬರೆಯದ ಶರದ್ವರ್ಣನೆ ನಮ್ಮ ನಾಡಿನ ಮಟ್ಟಿಗೆ ಪೂರ್ಣವಲ್ಲ.

ಈಗ ಹುಡುಗನ ನಿಬಂಧಕ್ಕೆ ಮರಳೋಣ. ಅದರಲ್ಲಿ ದೋಷಗಳಿಲ್ಲವೆಂದಲ್ಲ. ಅಕ್ಷರದ ತಪ್ಪುಗಳಿದ್ದುವು. ಗ್ರಾಂಥಿಕ ಭಾಷೆಯಲ್ಲಿ ಮೊದಲಾಗಿ ಆಡುಮಾತಿಗೆ ಜಾರಿತ್ತು. ಕೊಟ್ಟ ಅಂಶಗಳಲ್ಲಿ ಒಂದನ್ನೂ ಅವನು ಬಳಸಿರಲಿಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಮೂರು ಗುಣಗಳು ಕಾಣುತ್ತವೆ. ಮೊದಲನೆಯದು, ದುಃಖವೆಂಬ ಶಬ್ದವನ್ನೇ ಬಳಸದೆ ದುಃಖವನ್ನು ತೋರಿಸಿದ್ದು. ಗಾಳಿ ಮೇಲಿನಿಂದ ಒಯ್ಯಬಾರದೆಂದು ತಾಯಿ ಕುಳಿತಳು. ನೀರು ಕೆಳಗಿನಿಂದ ಬಂತು. ಮನುಷ್ಯ ಪ್ರಯತ್ನಕ್ಕೂ ದೈವಕ್ಕೂ ಇರುವ ಜಗಳವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವುದು ಸುಲಭವಲ್ಲ. ಧ್ವನಿಯೆಂದು ತರಬೇತಿಯಲ್ಲಿ ನಾನು ಬಾಯಿಪಾಠ ಮಾಡಿದ್ದು ಇದನ್ನೇ ಅಲ್ಲವೆ? ಎರಡನೆಯದು, ಮಳೆಯ ಎರಡು ಮುಖಗಳನ್ನೂ ಅವನು ಬಿಡಲಿಲ್ಲ. ಸೋಯಾವನ್ನು ಕೊಳೆಸಿದ ನೀರೇ ಎರೆಯ ನೆಲದಲ್ಲಿ ಇಂಗಿ ಬಿಳಿಜೋಳವನ್ನು ಸಾಕುತ್ತದೆ. ಚಳಿಗಾಲದುದ್ದಕ್ಕೂ ಆ ಜೋಳ ಈ ಹಸಿಯನ್ನೇ ಕುಡಿದು ಬದುಕಬೇಕು. ಆಯಿಯ ಒಂದು ಮಾತಿನಿಂದ ಅವನು ಇದನ್ನೆಲ್ಲ ಸೂಚಿಸಿದ್ದಾನೆ. ಆ ಮಾತು ಸಮಾಧಾನವೂ ಹೌದು, ಹಿಂಗಾರಿ ಬೇಸಾಯದ ಅನುಭವವೂ ಹೌದು. ಮೂರನೆಯದು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದು. ಆದ್ದರಿಂದ ನಾವು ಮಳೆಯನ್ನು ಪ್ರೀತಿಸಬೇಕು ಎಂಬ ಉಪದೇಶದ ಬಾಲ ಅದಕ್ಕಿರಲಿಲ್ಲ. ಉಳಿದ ಎಲ್ಲ ನಿಬಂಧಗಳಿಗೂ ಅಂಥ ಬಾಲವಿತ್ತು. ಅದನ್ನು ಹಚ್ಚಲು ಕಲಿಸಿದವನೂ ನಾನೇ.

ಕವಿಗಳ ಶರತ್ತನ್ನು ತರಗತಿಯಿಂದ ಓಡಿಸಬೇಕೆಂದು ಯಾರೂ ಅರ್ಥ ಮಾಡಬಾರದು. ಹಂಸವನ್ನೂ ತಾವರೆಯನ್ನೂ ಕಲಿಸಬೇಕು. ಅವಿಲ್ಲದೆ ನಮ್ಮ ಹಳೆಯ ಕಾವ್ಯದ ಬಾಗಿಲು ಮಕ್ಕಳಿಗೆ ತೆರೆಯಲಾರದು. ಆದರೆ ಇದು ಕವಿಗಳು ಕಂಡ ಶರತ್ತು ಎಂದು ಹೇಳಿ ಕಲಿಸಬೇಕು. ಆಮೇಲೆ ಹಲಗೆಯ ಅರ್ಧವನ್ನು ಖಾಲಿ ಬಿಟ್ಟು, ನೀವು ಕಂಡದ್ದೇನು ಎಂದು ಕೇಳಬೇಕು. ಪಂಚಾಂಗದಿಂದ ಮಳೆನಕ್ಷತ್ರಗಳ ದಿನಗಳನ್ನು ಬರೆಸಿ, ಯಾವ ಮಳೆಯಲ್ಲಿ ಎಷ್ಟು ದಿನ ಹನಿಯಿತು, ಗಾಳಿ ಯಾವ ದಿಕ್ಕಿನಿಂದ ಬಂತು, ಹೊಲದಲ್ಲಿ ಏನಿತ್ತು ಎಂದು ಮಕ್ಕಳೇ ವರ್ಷವೂ ಗುರುತು ಹಾಕಲಿ. ಮನೆಯ ಹಿರಿಯರನ್ನು ಕೇಳಿ ಮಳೆಯ ಗಾದೆಗಳನ್ನು ಬರೆದು ತರಲಿ. ಇದಕ್ಕೆ ಹಣ ಬೇಕಿಲ್ಲ, ಅಪ್ಪಣೆಯೂ ಬೇಕಿಲ್ಲ. ತೆಲುಗಿನ ನಾಡಿನಲ್ಲಿದ್ದುಕೊಂಡು ಕನ್ನಡದಲ್ಲಿ ಓದುವ ಮಕ್ಕಳು ಬರುಬರುತ್ತ ಕಡಿಮೆಯಾಗುತ್ತಿರುವರೆಂದು ನಾವು ಕೂಡಿದಾಗಲೆಲ್ಲ ಚಿಂತಿಸುತ್ತೇವೆ. ತಾನು ಕಂಡದ್ದನ್ನು ಬರೆದು ತಂದ ಮಗುವಿಗೆ ‘ವಿಷಯಾಂತರ’ ಎಂಬ ಶಬ್ದವೇ ಕನ್ನಡದಿಂದ ಸಿಕ್ಕುವ ಉತ್ತರವಾದರೆ, ಅದು ಯಾವ ಆಸೆಯಿಂದ ಈ ಭಾಷೆಯಲ್ಲಿ ಮುಂದೆ ಬರೆದೀತು? ಪೂರ್ವದ ಬಿರುಮಳೆಯ ಕಾವ್ಯ ಕನ್ನಡದಲ್ಲಿ ಎಂದಾದರೂ ಬರುವುದಾದರೆ ಅದು ದೂರದ ಊರಿನಿಂದ ಬರಲಾರದು. ಗಡಿಯ ಯಾವುದೋ ಶಾಲೆಯ ನಿಬಂಧದ ಪುಸ್ತಕದಿಂದ ಬರಬೇಕು. ಅಲ್ಲಿಯವರೆಗೆ ಅದನ್ನು ಕೆಂಪು ಮಸಿಯಿಂದ ಕಾಪಾಡುವುದು ನಮ್ಮ ಹೊಣೆ.

ಆ ಹುಡುಗ ಈಗ ಪ್ರೌಢಶಾಲೆಯಲ್ಲಿದ್ದಾನೆ. ನಿಬಂಧದ ಪುಸ್ತಕ ನನ್ನ ಬಳಿಯೇ ಉಳಿದಿದೆ. ಕೊಟ್ಟ ಅಂಕವನ್ನು ಈಗ ತಿದ್ದುವಂತಿಲ್ಲ. ಆದರೂ ಕಳೆದ ಆಶ್ವಯುಜದಲ್ಲಿ ಅದನ್ನು ತೆಗೆದು, ‘ವಿಷಯಾಂತರ’ ಎಂಬ ಶಬ್ದವನ್ನು ಒಂದು ಗೆರೆಯಿಂದ ಹೊಡೆದು ಹಾಕಿದೆ. ಈ ವರ್ಷ ಚಿತ್ತೆಯ ಮಳೆ ಹುಟ್ಟಿದಾಗ ಆ ಎರಡು ವಾಕ್ಯಗಳನ್ನು ಹೆಸರು ಹೇಳದೆ ತರಗತಿಯಲ್ಲಿ ಓದಿ ತೋರಿಸಬೇಕೆಂದಿದ್ದೇನೆ.